ಹೊಳೆ ಹೊರಗಾದ ಮೂರು ದಿನ

ಫಸಲಿ ೧೩೫೨ನೇ ವರ್ಷ, ಇಂಗ್ಲಿಷ್ ಲೆಕ್ಕದಲ್ಲಿ ೧೯೪೩. ಆಗ ನಾನು ಗಂಗಾವತಿ ತಾಲೂಕಿನ ಲೋಕಲ್ ಫಂಡ್ ಕೆಲಸಗಳಿಗೆ ಓವರ್ಸಿಯರ್ ಆಗಿದ್ದೆ. ಲೋಕಲ್ ಫಂಡ್ ಎಂದರೆ ಹೊಲದ ಕಂದಾಯದ ಜೊತೆಗೇ ಎತ್ತುತ್ತಿದ್ದ ಒಂದು ಸಣ್ಣ ಪಟ್ಟಿಯ ಹಣ. ಅದನ್ನು ಆಯಾ ತಾಲೂಕಿನ ಬಾವಿ, ರಸ್ತೆ, ಚಾವಡಿ, ಮುಸಾಫಿರಖಾನೆಗಳಿಗೇ ಖರ್ಚು ಮಾಡಬೇಕೆಂದು ನಿಯಮವಿತ್ತು. ಆ ಹಣ ಕಲ್ಲು-ಸುಣ್ಣವಾಗುವುದನ್ನು ಬಿಸಿಲಲ್ಲಿ ನಿಂತು ನೋಡುವವನು ಓವರ್ಸಿಯರ್.

ನಾನು ಬಿ.ಎಸ್ಸಿ. ಪಾಸಾಗಿ, ಮೇಲೆ ಓವರ್ಸಿಯರ್ ತರಬೇತಿಯನ್ನೂ ಮುಗಿಸಿದವನು. ಇದನ್ನು ಹೆಮ್ಮೆಯಿಂದಲೇ ಹೇಳುತ್ತೇನೆ, ಅದರಲ್ಲಿ ಸಂಕೋಚವೇನು? ನಮ್ಮ ಮನೆತನದಲ್ಲಿ ಹೆಬ್ಬೆಟ್ಟು ಒತ್ತದೆ ಸಹಿ ಮಾಡಿದ ಮೊದಲ ಕೈ ನನ್ನದು. ಅಪ್ಪ ಕೊಪ್ಪಳದ ಹತ್ತಿ ಗಿರಣಿಯಲ್ಲಿ ಹಮಾಲ. ಅವ್ವ ಇರಕಲ್ಲಗಡದವಳು, ಇಟಗಿಯ ಕಡೆ ಹೋಗುವ ರಸ್ತೆಗೆ ತಲೆಯ ಮೇಲೆ ಕಲ್ಲು ಹೊತ್ತವಳು. ಊರ ಸಾಲೆಯಲ್ಲಿ ಕನ್ನಡ, ಮುಂದೆ ಉರ್ದು, ಅದರ ಮೇಲೆ ಇಂಗ್ಲಿಷ್. ಮೂರು ಭಾಷೆಗಳಲ್ಲಿ ಉಪವಾಸ ಬಿದ್ದು ಓದಿದ್ದೇನೆ. ಹೀಗೆ ಗಳಿಸಿದ ನೌಕರಿಯಲ್ಲಿ ನೂರಾರು ಕೆಲಸ ಮಾಡಿಸಿದೆ. ಮರೆಯಲಾಗದ್ದು ಒಂದೇ. ಅದು ಪೂರ್ತಿಯಾಗದೇ ಉಳಿದ ಕೆಲಸ.

ಊರಿನ ಹೆಸರು ಮಡುವಿನಹಾಳ ಎಂದಿಟ್ಟುಕೊಳ್ಳಿ. ನಕ್ಷೆಯಲ್ಲಿ ಹುಡುಕಬೇಡಿ, ಹೆಸರು ಬದಲಿಸಿದ್ದೇನೆ. ತುಂಗಭದ್ರೆಯ ಎಡದಂಡೆಯ ಮೇಲೆ ಅಂಬಿಗರ ಊರು. ಗಂಡಸರು ಬಲೆ ಬೀಸಿ ಮೀನು ಹಿಡಿಯುವರು. ಹೆಂಗಸರು ಬುಟ್ಟಿ ಹೊತ್ತು ಹೊಳೆ ದಾಟಿ ಮಾರುವರು. ಹೊಳೆಯ ಆಚೆ ಮದ್ರಾಸ್ ಸರ್ಕಾರ, ಕಂಪ್ಲಿಯ ಸಂತೆ. ಈಚೆ ಹೈದರಾಬಾದ್ ಸಂಸ್ಥಾನ, ಖಾಲಿ ಹೊಟ್ಟೆ. ನಡುವೆ ಇದ್ದದ್ದು ಹರಿಗೋಲು. ಬಿದಿರು ಹೆಣೆದ ದೊಡ್ಡ ಬುಟ್ಟಿಗೆ ತೊಗಲು ಹೊದಿಸಿದ, ದುಂಡನೆಯ ದೋಣಿ ಅದು. ಒಂದು ಹುಟ್ಟು ಹಿಡಿದು ಅದನ್ನು ನೆಟ್ಟಗೆ ನಡೆಸುವುದು ಅಂಬಿಗರಿಗೆ ಮಾತ್ರ ಬರುವ ವಿದ್ಯೆ. ಬೇರೆಯವರು ಕೂತರೆ ಗಾಣದ ಎತ್ತಿನ ಹಾಗೆ ಸುತ್ತುತ್ತದೆ, ಅಷ್ಟೆ.

ತೊಂದರೆ ಇದ್ದದ್ದು ದಂಡೆಗೆ ಹತ್ತುವ ಜಾಗದಲ್ಲಿ. ಎರಡು ಆನೆಗಾತ್ರದ ನುಣುಪು ಬಂಡೆಗಳ ನಡುವಿನ ಸಂದಿಯೇ ಊರಿಗೆ ಬಾಗಿಲು. ಬೇಸಿಗೆಯಲ್ಲಿ ಮೊಣಕಾಲು ನೀರು. ಮಳೆಗಾಲದಲ್ಲಿ ಸೆಳವು ನೇರ ಬಂಡೆಗೇ ಬಂದು ಅಪ್ಪಳಿಸುತ್ತಿತ್ತು. ಹಿಂದಿನ ವರ್ಷದ ಪ್ರವಾಹದಲ್ಲಿ ಸಂತೆಯಿಂದ ಮರಳುತ್ತಿದ್ದ ಹರಿಗೋಲೊಂದು ಆ ಬಂಡೆಗೆ ತಾಗಿ ತೊಗಲು ಹರಿದು, ಐವರು ಹೆಂಗಸರು ಹೋದರು. ದಂಡೆಯ ಮೇಲಿದ್ದವರು ಕೈ ಚಾಚಿದರೆ ಸಿಗುವಷ್ಟು ಹತ್ತಿರದಲ್ಲಿ ಹೋದರು. ಅವರಲ್ಲಿ ಒಬ್ಬಳು ತಿಪ್ಪವ್ವನ ಸೊಸೆ.

ತಿಪ್ಪವ್ವ ಐವತ್ತೈದು ಅರವತ್ತರ ವಿಧವೆ. ಊರವರು ಹೊಳೆಯ ದೇವಿ ಗಂಗವ್ವನ ಪೂಜೆಗೆ ಮುಂದೆ ಮಾಡುತ್ತಿದ್ದುದು ಅವಳನ್ನು. ಸೊಸೆ ಹೋದ ಮೇಲೆ ಮನೆಯಲ್ಲಿ ಉಳಿದವನು ಮಗ ಹಣಮಂತ ಒಬ್ಬನೇ. ದುರಂತವಾದ ಮೇಲೆ ಮೇಲಿನ ಕಚೇರಿಯಿಂದ ಹುಕುಂ ಬಂದಿತ್ತು: ಮುಂದಿನ ಮಳೆಗಾಲದೊಳಗೆ ದಂಡೆಗೆ ಭದ್ರತೆ ಆಗದಿದ್ದರೆ ಆ ಊರಿಂದ ಹೊಳೆ ದಾಟುವುದು ಬಂದ್. ದಾಟುವ ಹಕ್ಕು ಕೆಳಗಿನ ಇನ್ನೊಂದು ಊರಿಗೆ, ಒಬ್ಬ ಗುತ್ತೇದಾರನ ಕೈಗೆ. ಅಂದರೆ ಮಡುವಿನಹಾಳದ ಹೊಟ್ಟೆಗೇ ಬೀಗ.

ತಿಪ್ಪವ್ವ ಮೀನಿನ ಬುಟ್ಟಿ ಹೊತ್ತುಕೊಂಡೇ ನಮ್ಮ ಕಚೇರಿಗೆ ಬರುತ್ತಿದ್ದಳು. ಜವಾನ ವಾಸನೆ ಎಂದು ಮೂಗು ಮುಚ್ಚಿದರೆ, "ಯಾಕಪ್ಪಾ, ನಿನ್ನೆ ಸಾರಿನಾಗ ತಿಂದಾಗ ವಾಸನಿ ಬಂದಿದ್ದಿಲ್ಲೇನು?" ಎನ್ನುವಳು. ನನ್ನ ಮೇಜಿನ ಮುಂದೆ ನಿಂತು ದಿನವೂ ಕೇಳುತ್ತಿದ್ದುದು ಒಂದೇ ಮಾತು: "ಸಾಹೇಬ್ರ, ನಮಗ ನೀರು ನಿಲ್ಲೋ ಒಂದು ಜಾಗಾ ಮಾಡಿಕೊಡ್ರಿ. ಹೆಂಗಸೂರು ಇಳದು ಮನೀಗೆ ಬರೂ ಹಂಗ."

ನೀರು ನಿಲ್ಲುವ ಜಾಗ. ಅವಳ ಆ ಮಾತಿನಿಂದಲೇ ನಾನು ನಕ್ಷೆ ಬರೆದೆ. ಬಂಡೆಗಳಿಗಿಂತ ಮೇಲ್ಗಡೆ, ಸೆಳವು ಬರುವ ದಿಕ್ಕಿನಲ್ಲಿ, ದಂಡೆಯಿಂದ ಹೊಳೆಯೊಳಗೆ ಚಾಚಿದ ಒಂದು ಅಡ್ಡಗೋಡೆ. ಸೆಳವು ಗೋಡೆಗೆ ಬಡಿದು ಹೊರಗೆ ತಿರುಗುತ್ತದೆ, ಗೋಡೆಯ ಹಿಂದೆ ನೀರು ಶಾಂತವಾಗುತ್ತದೆ. ಆ ಶಾಂತ ನೀರಿಗೆ ಇಳಿಯಲು ಕಲ್ಲಿನ ಮೆಟ್ಟಿಲು. ಸಮುದ್ರದಲ್ಲಿ ಹಡಗುಗಳಿಗೆ ಮಾಡುವುದನ್ನೇ ಹರಿಗೋಲಿನ ಅಳತೆಗೆ ಇಳಿಸಿದ್ದೆ. ತಲೆಬರಹ ಹಾಕುವಾಗ ಹಿಂದೆಮುಂದೆ ನೋಡದೆ 'ಬಂದರು' ಎಂದೇ ಬರೆದೆ.

ನಮ್ಮ ಮೊಹತಮೀಮ್ ಸಾಹೇಬರು, ಅಂದರೆ ಜಿಲ್ಲೆಯ ಎಂಜಿನಿಯರ್, ಕಾಗದ ನೋಡಿ ಕನ್ನಡಕ ತೆಗೆದರು. "ಅರೇ ಭಾಯಿ, ಗಂಗಾವತಿಗೆ ಸಮಂದರ್ ಯಾವಾಗ ಬಂತು?"

"ಸಮಂದರ್ ಬಂದಿಲ್ಲ ಸಾಹೇಬ್. ಮುಳುಗುವವರು ಇದ್ದಾರೆ," ಎಂದೆ.

ಅವರು ಕೆಟ್ಟವರಲ್ಲ. ಆದರೆ ಲೋಕಲ್ ಫಂಡಿನಲ್ಲಿ ಬಾವಿಗೆ ಖರ್ಚಿನ ಶೀರ್ಷಿಕೆ ಇತ್ತು, ರಸ್ತೆಗೆ ಇತ್ತು, ದೋಣಿಗೆ ಇರಲಿಲ್ಲ. ಕಡೆಗೆ 'ದಾಟುದಾರಿಯ ದುರಸ್ತಿ' ಎಂದು ರಸ್ತೆಯ ಬಾಬಿನಲ್ಲಿ ತೂರಿಸಿದರು. ಎರಡು ಷರತ್ತು ಬಂದವು. ಕೆಲಸದ ಮೂರನೇ ಒಂದು ಪಾಲನ್ನು ಊರವರು ದುಡಿಮೆಯಲ್ಲಿ ಕೊಡಬೇಕು; ಕಾಗದದ ಭಾಷೆಯಲ್ಲಿ ಇದು 'ಗ್ರಾಮದ ಪಾಲು'. ಎರಡನೆಯದು, ಮಳೆಗಾಲದ ಮುಂಚೆ ಗೋಡೆ ಮುಗಿದದ್ದನ್ನು ಸಾಹೇಬರು ಕಣ್ಣಾರೆ ಕಂಡ ಮೇಲೆಯೇ ಮೆಟ್ಟಿಲಿಗೆ ಹಣ. ಇಷ್ಟಾಗಿ ಮಂಜೂರಾತಿ ಕೈಗೆ ಬಂದಾಗ ಯುಗಾದಿ ದಾಟಿತ್ತು. ಹೊಳೆಯಲ್ಲಿ ಕೆಲಸ ಮಾಡಬಹುದಾದ ಕಾಲದಲ್ಲಿ ಅರ್ಧ ಕಚೇರಿಯ ಮೇಜಿನ ಮೇಲೆಯೇ ಒಣಗಿಹೋಗಿತ್ತು.

ಕೆಲಸ ಶುರುವಾಯಿತು. ಯುದ್ಧಕಾಲ, ಸಿಮೆಂಟ್ ಕಣ್ಣಿಗೂ ಸಿಗದು. ಎತ್ತು ಕಟ್ಟಿ ಗಾಣದಲ್ಲಿ ಸುಣ್ಣ, ಇಟ್ಟಿಗೆ ಪುಡಿ, ಮರಳು ಅರೆದು ಗಚ್ಚು ಮಾಡಿದೆವು. ಒಳ್ಳೆಯ ಕಲ್ಲು ಇದ್ದದ್ದು ಹೊಳೆಯ ನಡುಗಡ್ಡೆಯಲ್ಲಿ. ಕಲ್ಲುಕುಟಿಗರು ಅಲ್ಲಿ ಕಡಿದದ್ದನ್ನು ಅಂಬಿಗರು ಹರಿಗೋಲಿನಲ್ಲಿ ತರುವರು. ಅದೇ ಅವರ ಗ್ರಾಮದ ಪಾಲು. ಬೆಳಗಿನ ಬಲೆ ಮುಗಿಸಿ ಬಂದವರು ಹೊತ್ತು ಮುಳುಗುವವರೆಗೆ ಕಲ್ಲು ಸಾಗಿಸುತ್ತಿದ್ದರು. ನನ್ನ ತಲೆಯ ಮೇಲಿನ, ಸಂಸ್ಥಾನದ ನೌಕರರು ಹಾಕುತ್ತಿದ್ದ ಕೆಂಪು ರೂಮಿ ಟೊಪ್ಪಿಗೆ ಅವರಿಗೆ ದೊಡ್ಡ ತಮಾಷೆ. ಹಣಮಂತ ನಡುನೀರಿನಿಂದಲೇ ಕೂಗುತ್ತಿದ್ದ: "ಸಾಹೇಬ್ರ, ಟೊಪಗಿ ತಗೀರಿ, ಮೀನಾ ಅಂಜಿ ಕಂಪ್ಲಿಗೆ ಹೊಂಟಾವ!"

ರೋಹಿಣಿ ಮಳೆಯ ಹೊತ್ತಿಗೆ ಗೋಡೆ ಎದೆಮಟ್ಟಕ್ಕೆ ಬಂತು. ಉಳಿದದ್ದು ಅದರ ಮೂತಿ, ಅಂದರೆ ಹೊಳೆಯೊಳಗೆ ಚಾಚಿದ ತುದಿ. ಆ ತುದಿಗೆ ಎಂಟು ಉದ್ದಗಲ್ಲುಗಳನ್ನು ಅಡ್ಡಡ್ಡ ಜೋಡಿಸಿ, ಒಂದಕ್ಕೊಂದು ಕಬ್ಬಿಣದ ಕೊಂಡಿ ಹಾಕಿ ಸೀಸ ಹೊಯ್ದು ಬಿಗಿಯಬೇಕಿತ್ತು. ಮೂತಿ ಇಲ್ಲದ ಗೋಡೆ ಹೆಣಿಗೆ ಮುಗಿಸದ ಚಾಪೆಯಿದ್ದಂತೆ. ಸೆಳವು ಒಂದು ಕಲ್ಲನ್ನು ಎಳೆದರೆ ಅದರ ಹಿಂದಿನದು ತಾನಾಗಿಯೇ ಬರುತ್ತದೆ. ಎಂಟೂ ಕಲ್ಲು ನಡುಗಡ್ಡೆಯ ಮೇಲೆ ಕಡಿದು ಸಿದ್ಧವಾಗಿದ್ದವು. ನಾಳೆ ತರುವುದೆಂದು ಮಾತಾಯಿತು.

ಮರುದಿನ ಬೆಳಿಗ್ಗೆ ನಾನು ದಂಡೆಗೆ ಬಂದರೆ ಹರಿಗೋಲುಗಳೆಲ್ಲ ಬೋರಲಾಗಿ ಮರಳಿನ ಮೇಲೆ ಬಿದ್ದಿದ್ದವು. ಹೊಳೆ ಕೆಂಪಾಗಿತ್ತು. ಮೇಲೆ ಮಲೆನಾಡಿನಲ್ಲಿ ಮಳೆ ಬೇಗ ಹಿಡಿದು ಹೊಸ ನೀರು ಇಳಿದಿತ್ತು. ಇನ್ನೂ ಸೊಂಟಮಟ್ಟದ ನೀರು, ಹರಿಗೋಲು ಸಲೀಸಾಗಿ ದಾಟುವಷ್ಟೇ. ಆದರೆ ಒಂದು ಹುಟ್ಟೂ ಅಲುಗಲಿಲ್ಲ. ಊರ ಹಿರಿಯ ದ್ಯಾಮಣ್ಣ ಬೇವಿನ ಮರದ ಬುಡದಲ್ಲಿ ಕೂತಿದ್ದ.

"ಯಾಕ ದ್ಯಾಮಣ್ಣ, ಕಲ್ಲು ತರೂದಿಲ್ಲೇನು?"

"ಹೊಳಿ ಹೊರಗಾಗ್ಯಾಳ್ರೀ ಸಾಹೇಬ್ರ. ಮೂರು ದಿನ ಮುಟ್ಟಂಗಿಲ್ಲ."

ನನಗೆ ಆಗ ತಿಳಿದದ್ದು ಇದು. ವರ್ಷದ ಮೊದಲ ಕೆಂಪು ನೀರು ಬಂದರೆ ಹೊಳೆ ಮುಟ್ಟಾದಳೆಂದು ಲೆಕ್ಕ. ಮೂರು ದಿನ ಯಾರೂ ನೀರಿಗೆ ಹರಿಗೋಲು ಇಳಿಸರು, ಬಲೆ ಬೀಸರು, ಕಾಲೂ ತೊಳೆಯರು. ನಾಲ್ಕನೆಯ ದಿನ ಹೆಂಗಸರು ಅರಿಶಿನ, ಹಸಿರು ಬಳೆ ಬಿಟ್ಟು ಹೊಳೆಗೆ ಉಡಿ ತುಂಬಿದ ಮೇಲೆಯೇ ಕೆಲಸ.

ನಾಲ್ಕನೆಯ ದಿನಕ್ಕೆ ಹೊಳೆ ಎಷ್ಟು ಏರಿರುತ್ತದೆ ಎಂದು ನಾನು ಲೆಕ್ಕ ಹಾಕಬೇಕಾಗಿರಲಿಲ್ಲ. ಗೋಡೆಯ ಹಸಿ ತುದಿಗೆ ಆಗಲೇ ನೀರು ನಾಲಿಗೆ ಹಾಕುತ್ತಿತ್ತು. ಮೊಹತಮೀಮ್ ಸಾಹೇಬರು ಮರುದಿನವೇ ತಪಾಸಣೆಗೆ ಬರುವವರಿದ್ದರು. ಅಲ್ಲಿಂದ ಕುಷ್ಟಗಿ, ತಾವರಗೇರಾ ಕಡೆಯ ರಸ್ತೆ ಕೆಲಸಕ್ಕೆ ಹೋಗುವವರು. ಮಳೆ ಹಿಡಿದು ಕರಿಮಣ್ಣಿನ ದಾರಿಗಳು ಕೆಸರಾದರೆ ಮತ್ತೆ ಬರುವಂತಿರಲಿಲ್ಲ. ಅಪೂರ್ಣ ಎಂದು ಅವರು ಬರೆದರೆ ಹಣವೂ ಹೋಯಿತು, ದಾಟುವ ಹಕ್ಕೂ ಹೋಯಿತು. ಅವರು ಬರೆಯುವ ಮುಂಚೆ ಹೊಳೆಯೇ ಗೋಡೆ ಕಿತ್ತರೆ ಬರೆಯಲು ಏನೂ ಉಳಿಯದು.

ನನ್ನ ಜೊತೆಗಿದ್ದ ಗುಮಾಸ್ತ, "ಅಮೀನರಿಗೆ ಹೇಳಿ ನಾಲ್ಕು ಪೊಲೀಸರನ್ನ ತರಸ್ರಿ. ಬಡಿಗಿ ಕಂಡ್ರ ಹುಟ್ಟು ತಾನ ಏಳತಾವು," ಎಂದ. ಪೊಲೀಸರು ಬಂದು ಹರಿಗೋಲನ್ನು ನೀರಿಗೆ ತಳ್ಳಬಹುದಿತ್ತು, ನಡೆಸುವ ಕೈಯನ್ನು ಎಲ್ಲಿಂದ ತರುವುದು? ಅದಕ್ಕಿಂತ ಹೆಚ್ಚಾಗಿ, ನಮ್ಮ ಓಣಿಯಲ್ಲಿ ಪೊಲೀಸರ ಬಡಿಗೆ ಎಂಥದೆಂದು ನಾನು ಬಾಲ್ಯದಲ್ಲೇ ಕಂಡವನು. ಬೇಡವೆಂದೆ. ಟೊಪ್ಪಿಗೆ ಕೈಯಲ್ಲಿ ಹಿಡಿದು ತಿಪ್ಪವ್ವನ ಮನೆಗೆ ಹೋದೆ. ದ್ಯಾಮಣ್ಣನೂ, ಹಣಮಂತನೂ, ಅರ್ಧ ಊರೂ ಹಿಂದೆ ಬಂತು.

ಅವಳು ಬಾಗಿಲಲ್ಲಿ ಕೂತು ಬಲೆಯ ಹರಕು ಹೆಣೆಯುತ್ತಿದ್ದಳು.

"ಯವ್ವಾ, ಕಲ್ಲು ಬರಲಿಲ್ಲಂದ್ರ ಗ್ವಾಡಿ ಹೋಗತೈತಿ. ದಿನಾ ಬಂದು ಕೇಳಿದಾಕಿ ನೀನ ಅಲ್ಲೇನು?"

"ಕೇಳೀನ್ರಿ, ಇಲ್ಲಂತ ಯಾಂವ ಅಂದಾನ?" ಅವಳು ತಲೆ ಎತ್ತಲಿಲ್ಲ. "ಹೋದ ವರ್ಷ ಹೊಳೆವ್ವ ಹೊರಗ ಕುಂತಾಗ ಯಾವನೋ ಎರಡನೇ ದಿನಕ್ಕ ಬಲಿ ಬೀಸಿದಾ. ಐದು ಮಂದೀನ್ನ ತಗೊಂಡ್ಲು. ನನ್ನ ಸೊಸಿ ಬಸರಿ ಇದ್ಲು, ಸಾಹೇಬ್ರ."

ಅದು ನನಗೆ ಗೊತ್ತಿರಲಿಲ್ಲ. ಹಣಮಂತ ಗೋಡೆಯ ಕಡೆ ಮುಖ ತಿರುಗಿಸಿದ. ಓದಿದವನಾಗಿ ನಾನು ಸೆಳವಿನ ವಿಚಾರ, ತೊಗಲಿನ ವಿಚಾರ ಹೇಳಬಹುದಿತ್ತು. ಹೇಳಲು ಶುರು ಕೂಡ ಮಾಡಿದೆ. ಮಾತು ನನಗೇ ಬೆಂಡಿನಂತೆ ಹಗುರಾಗಿ ಕೇಳಿಸಿತು. ತಿಪ್ಪವ್ವ ಬಲೆಯನ್ನು ಬದಿಗಿಟ್ಟಳು.

"ನಿಮ್ಮವ್ವ ಹೊರಗ ಕುಂತಾಗ ಆಕಿ ತೆಲಿಮ್ಯಾಲ ಕಲ್ಲು ಹೊರಸ್ತಿದ್ರೇನ್ರಿ ನೀವು?"

ದೊಡ್ಡ ಮನೆಯ ಓವರ್ಸಿಯರ್ ಆಗಿದ್ದರೆ ಆ ಮಾತಿಗೆ ಸಿಟ್ಟಾಗುತ್ತಿದ್ದನೋ ಏನೋ. ನನಗೆ ಬಂದದ್ದು ಬೇರೆಯೇ.

"ನಮ್ಮವ್ವಗ ಹೊರಗ ಕೂಡಾಕ ಪುರುಸೊತ್ತು ಎಲ್ಲಿತ್ತವ್ವಾ? ಮುಟ್ಟಾದಾಗೂ ಹೊತ್ತಾಳ. ಇಟಗಿ ದಾರೀಗೆ ಕಲ್ಲು ಹೊತ್ತಾಳ. ಕುಂತ್ರ ಅವತ್ತಿನ ಕೂಲಿ ಇಲ್ಲ, ನನಗ ರೊಟ್ಟಿ ಇಲ್ಲ."

ತಿಪ್ಪವ್ವ ನನ್ನನ್ನು ಮೊದಲ ಸಲ ನೋಡುವವಳಂತೆ ನೋಡಿದಳು. ನನ್ನ ಶೇರವಾನಿ, ಕೈಯಲ್ಲಿದ್ದ ಟೊಪ್ಪಿಗೆ, ಕಡೆಗೆ ಕಾಲು. ಆಮೇಲೆ ಕೇಳಿದಳು: "ಅಂಥಾ ಹೊತ್ತಿನ್ಯಾಗ ಬುಟ್ಟಿ ತೆಲಿಮ್ಯಾಲ ಯಾರು ಎತ್ತಿಕೊಡತಿದ್ರು ಆಕೀಗೆ? ಮುಟ್ಟಾದಾಕಿ ಹತ್ರ ಮಂದಿ ಬರತಿದ್ರೇನು?"

"ಯಾರೂ ಬರತಿದ್ದಿಲ್ಲ. ಮಲ್ಲಮ್ಮಾಯಿ ಅಂತ ಒಬ್ಬಾಕಿ ಮುದುಕಿ ಇದ್ಲು. ಆಕಿ ಎತ್ತಿಕೊಡತಿದ್ಲು, ನೀರು ಕುಡಸತಿದ್ಲು. 'ನಂದೆಲ್ಲಾ ನಿಂತು ಎಷ್ಟೋ ವರ್ಷ ಆತು, ನನಗ್ಯಾತರ ಮೈಲಿಗಿ' ಅಂತಿದ್ಲು."

ಇದನ್ನು ನಾನು ಉಪಾಯವೆಂದು ಹೇಳಿದ್ದಲ್ಲ. ಅವಳು ಕೇಳಿದಳು, ನೆನಪಾದದ್ದನ್ನು ಹೇಳಿದೆ. ಆದರೆ ಆ ಮಾತಿಗೆ ತಿಪ್ಪವ್ವ ಎದ್ದು ನಿಂತಳು. ಸೆರಗನ್ನು ಸೊಂಟಕ್ಕೆ ಸುತ್ತಿದಳು.

"ದ್ಯಾಮಣ್ಣ, ನಮ್ಮ ಮನ್ಯಾಗೂ ಹೊರಗ ಕುಂತಾಕೀಗೆ ರೊಟ್ಟಿ ಕೊಡೂದು ಯಾರು?"

"ಮುದುಕೇರು."

"ಮುದುಕೇರಿಗೆ ಮೈಲಿಗಿ ಹತ್ತತೈತೇನು?"

"ಇಲ್ಲ. ಆದ್ರ ತಿಪ್ಪವ್ವ, ಹೊಳಿಗೆ ಹಂಗ ಹಿಂದ ಯಾರೂ ಮಾಡಿಲ್ಲ."

"ಹಿಂದ ಹೊಳ್ಯಾಗ ಗ್ವಾಡಿ ಯಾರು ಕಟ್ಟಿದ್ರು?"

ಅಷ್ಟು ಹೇಳಿ ತಿಪ್ಪವ್ವ ಓಣಿಯಲ್ಲಿ ಕೂಗುತ್ತಾ ಹೋದಳು: "ಯಲ್ಲವ್ವಾ, ಏ ಫಕೀರವ್ವಾ, ಮುಟ್ಟು ನಿಂತ ಮುದುಕೇರೆಲ್ಲಾ ಹೊರಗ ಬರ್ರೇ! ಹೊಳೆವ್ವಗ ಕೈ ಹಚ್ಚೂದೈತಿ!"

ಅವರು ಬಂದರು. ಎಂಟು ಜನ ಇದ್ದಿರಬೇಕು. ಬೊಚ್ಚು ಬಾಯಿ, ಸುಕ್ಕು ತೋಳು, ಒಬ್ಬಳಿಗೆ ಕಣ್ಣಲ್ಲಿ ಪೊರೆ. ಆದರೆ ಎಲ್ಲರೂ ಅಂಬಿಗರ ಮನೆಯಲ್ಲಿ ಹುಟ್ಟಿ, ಅಂಬಿಗರ ಮನೆಗೇ ಬಂದವರು. ನಡೆಯುವುದಕ್ಕಿಂತ ಮುಂಚೆ ಹರಿಗೋಲಿನಲ್ಲಿ ಕೂತವರು. ಗಂಡಸರು ಹರಿಗೋಲುಗಳನ್ನು ನೀರಿನ ಅಂಚಿನವರೆಗೆ ಹೊತ್ತು ತಂದು, ನೀರು ಮುಟ್ಟದ ಹಾಗೆ ಹಿಂದೆ ಸರಿದರು. ಫಕೀರವ್ವ ಹುಟ್ಟು ತೆಗೆದುಕೊಳ್ಳುತ್ತಾ ಗಂಡಸರ ಸಾಲಿಗೆ, "ನೋಡಕೋತ ನಿಂದರ್ರಿ, ಮೂರು ದಿನ ಹೊರಗ ಕೂಡೂದು ಈ ಸಲ ನಿಮ್ಮ ಪಾಳಿ," ಎಂದಳು. ನಗು ಎದ್ದಿತು. ಆ ದಿನದ ಕಡೆಯ ನಗು ಅದು.

ಕಲ್ಲುಕುಟಿಗರಿಗೆ ಈ ಕಟ್ಟಳೆ ಇರಲಿಲ್ಲ. ನಾಲ್ವರು ಹರಿಗೋಲಿನಲ್ಲಿ ಕೂತು ನಡುಗಡ್ಡೆಗೆ ಹೋದರು. ಅಲ್ಲಿ ಕಲ್ಲನ್ನು ಬಡಿಗೆಯಿಂದ ಮೀಟಿ, ಹಗ್ಗದಲ್ಲಿ ಇಳಿಸಿ ಹರಿಗೋಲಿನ ನಡುವೆ ಕೂಡಿಸುವರು. ಒಂದು ಹರಿಗೋಲಿಗೆ ಒಂದು ಕಲ್ಲು, ಇಬ್ಬರು ಮುದುಕಿಯರು. ಗೋಡೆಯ ತುದಿಯಲ್ಲಿ ಗೌಂಡಿಗಳು ಎತ್ತಿಕೊಳ್ಳುವರು. ಮೊದಲ ಕಲ್ಲು ಬಂತು, ಎರಡನೆಯದು ಬಂತು. ಹೊಳೆ ನನ್ನ ಕಣ್ಣೆದುರೇ ಏರುತ್ತಿತ್ತು. ಬೆಳಿಗ್ಗೆ ಒಣಗಿದ್ದ ಬಂಡೆಯ ನೆತ್ತಿ ಮಧ್ಯಾಹ್ನಕ್ಕೆ ಒದ್ದೆ. ನಡುಗಡ್ಡೆಯೇ ಸಣ್ಣದಾಗುತ್ತಿತ್ತು. ಪ್ರತಿ ಸಲವೂ ಮುದುಕಿಯರು ಹೆಚ್ಚು ಮೇಲ್ಗಡೆಯಿಂದ ಬಿಟ್ಟು, ಹೆಚ್ಚು ಕೆಳಗೆ ಬಂದು ತಲುಪುತ್ತಿದ್ದರು. ನಾಲ್ಕನೆಯ ಕಲ್ಲು ತಂದ ಯಲ್ಲವ್ವನ ಅಂಗೈ ಸುಲಿದು ಹುಟ್ಟಿಗೆ ರಕ್ತ ಮೆತ್ತಿತ್ತು. ಸಾಕು ಎಂದು ಹೇಳಲು ನನಗೆ ಬಾಯಿ ಬರಲಿಲ್ಲ. ಸಾಕೆಂದರೆ ಗೋಡೆ ಹೋಗುತ್ತದೆ. ಬರ್ರಿ ಎಂದರೆ ಇವರು ಹೋಗುತ್ತಾರೆ. ಯಾವ ಪರೀಕ್ಷೆಯಲ್ಲೂ ನನಗೆ ಅಂಥ ಪ್ರಶ್ನೆ ಬಂದಿರಲಿಲ್ಲ. ಸುಮ್ಮನೆ ಗೋಡೆಯ ಮೇಲೆ ನಿಂತು ಸೀಸ ಕಾಯಿಸುವವನಿಗೆ ಗದರುತ್ತಿದ್ದೆ.

ಅಷ್ಟರಲ್ಲಿ ಹಿಂದಿನಿಂದ ಕುದುರೆ ಗಾಡಿಯ ಸದ್ದು. ಮೋಡ ನೋಡಿ ಮೊಹತಮೀಮ್ ಸಾಹೇಬರು ಒಂದು ದಿನ ಮುಂಚೆಯೇ ಬಂದುಬಿಟ್ಟಿದ್ದರು. ದಂಡೆಯ ಮೇಲೆ ಕೈಕಟ್ಟಿ ನಿಂತ ಗಟ್ಟಿಮುಟ್ಟಾದ ಗಂಡಸರನ್ನು ನೋಡಿದರು, ನಡುಹೊಳೆಯ ಮುದುಕಿಯರನ್ನು ನೋಡಿದರು.

"ಯಾ ಅಲ್ಲಾ! ಇವರು ಯಾರು?"

"ಗ್ರಾಮದ ಪಾಲು, ಸಾಹೇಬ್," ಎಂದೆ.

ಅವರು ಗಾಡಿಯಿಂದಿಳಿದು ನಿಂತೇ ಇದ್ದರು.

ಏಳು ಕಲ್ಲು ಸೇರಿದವು. ಎಂಟನೆಯದಕ್ಕೆ ತಿಪ್ಪವ್ವ ಒಬ್ಬಳೇ ಹೋದಳು. ಕಲ್ಲು ಏರಿಸಿದ ಮೇಲೆ ಕಲ್ಲುಕುಟಿಗರನ್ನು ಫಕೀರವ್ವನ ಹರಿಗೋಲಿನಲ್ಲಿ ಮೊದಲೇ ಕಳಿಸಿದಳು, ನಡುಗಡ್ಡೆಯ ಮೇಲೆ ಇನ್ನು ನಿಲ್ಲುವಂತಿರಲಿಲ್ಲ. ಕಲ್ಲು ಹೊತ್ತ ಅವಳ ಹರಿಗೋಲು ಅರ್ಧ ಹೊಳೆ ದಾಟುವ ಹೊತ್ತಿಗೆ ಮೇಲ್ಗಡೆಯಿಂದ ಬೇರುಸಮೇತ ಒಂದು ಮರ ತೇಲಿ ಬಂತು. ಅದರ ಕೊಂಬೆ ಹರಿಗೋಲನ್ನು ಸವರಿತು. ಅಷ್ಟೇ ಸಾಕಾಯಿತು. ಕಲ್ಲು ಒಂದು ಮಗ್ಗುಲಿಗೆ ಜರುಗಿತು, ಹರಿಗೋಲು ಓಲಿತು, ಸುತ್ತತೊಡಗಿತು.

"ಕಲ್ಲು ಕೆಡವಬೇ! ಕಲ್ಲು ಕೆಡವಿಬಿಡಬೇ!" ಹಣಮಂತ ಕಿರುಚಿದ. ಎಲ್ಲರೂ ಕಿರುಚಿದರು, ನಾನೂ. ಹಗ್ಗ ಬಿಚ್ಚಿದರೆ ಕಲ್ಲು ಜಾರಿ ಹರಿಗೋಲು ಹಗುರಾಗುತ್ತಿತ್ತು. ಅವಳು ಬಿಚ್ಚಲಿಲ್ಲ. ಕಲ್ಲಿಗೆ ಬೆನ್ನು ಕೊಟ್ಟು ಕೂತು ಹುಟ್ಟು ಹಾಕುತ್ತಲೇ ಇದ್ದಳು. ಸೆಳವು ಅವಳನ್ನು ನೇರ ಆನೆಗಾತ್ರದ ಬಂಡೆಗಳ ಕಡೆಗೆ ಒಯ್ಯುತ್ತಿತ್ತು. ಹಿಂದಿನ ವರ್ಷ ಸೊಸೆಯನ್ನು ಒಯ್ದದ್ದೂ ಅದೇ ದಾರಿಯಲ್ಲಿ.

ಹಣಮಂತ ನೀರಿಗೆ ಹಾರಿದ.

"ಮುಟ್ಟಬ್ಯಾಡೋ ಭಾಡ್ಯಾ! ಹಿಂದಕ ಹೋಗೋ!" ಸಾವು ಎದುರಿಗೆ ಬಂದಾಗಲೂ ಅವಳು ಮಗನನ್ನು ಬೈಯುತ್ತಿದ್ದಳು.

ಹರಿಗೋಲು ಗೋಡೆಯ ತುದಿಗೆ ತಾಗಿತು. ತೊಗಲು ಹರಿದ ಸದ್ದು ನನಗೆ ಇಂದಿಗೂ ಕೇಳುತ್ತದೆ. ಒಂದು ಸುತ್ತು ತಿರುಗಿ ಮೂತಿಯನ್ನು ದಾಟಿತು. ಇನ್ನು ಬಂಡೆ ಎಂದು ನಾನು ಕಣ್ಣು ಮುಚ್ಚಿದೆ. ಗದ್ದಲ ಒಮ್ಮೆಲೇ ನಿಂತಿತು. ಕಣ್ಣು ತೆರೆದರೆ ಹರಿಗೋಲು ಬಂಡೆಯ ಕಡೆ ಹೋಗಿರಲಿಲ್ಲ. ಗೋಡೆಯ ಹಿಂದಿನ ನೀರು ಅದನ್ನು ಮೆಲ್ಲನೆ ಒಳಕ್ಕೆ ಎಳೆದುಕೊಂಡಿತ್ತು. ಒಳಗೆ ನೀರು ತುಂಬಿ ಅದು ಅಲ್ಲೇ, ಎದೆಮಟ್ಟದ ನೀರಿನಲ್ಲಿ, ಕಲ್ಲಿನ ಸಮೇತ ಕೂತುಬಿಟ್ಟಿತು. ನಡುವೆ ತಿಪ್ಪವ್ವ ನಿಂತಿದ್ದಳು. ಗೋಡೆಯ ಹೊರಗೆ ಹೊಳೆ ಬೊಬ್ಬೆ ಹಾಕುತ್ತಿತ್ತು. ಅವಳ ಸುತ್ತ ಒಂದು ಎಲೆ ಕೂಡ ತೇಲಿ ಮುಂದೆ ಹೋಗುತ್ತಿರಲಿಲ್ಲ.

ಮಗ ಬಂದು ತೋಳು ಹಿಡಿದಾಗ ಅವಳು ಬೈಯಲಿಲ್ಲ. ಅಂಗೈಯಿಂದ ನೀರನ್ನು ಒಮ್ಮೆ ಸವರಿದಳು.

"ನೀರು ನಿಂತಾವಲ್ಲೋ ಹಣಮ್ಯಾ," ಎಂದಳು. ಆಮೇಲೆ, "ಒಂದು ವರ್ಷ ತಡಾ ಆತು," ಎಂದಳು.

ಕಲ್ಲುಕುಟಿಗರು ಆ ಕಡೆಯ ಕಲ್ಲನ್ನು ನೀರಿನಿಂದ ಎತ್ತಿ ಮೂತಿಗೆ ಸೇರಿಸಿದರು. ಹೊತ್ತು ಮುಳುಗುವ ಮುಂಚೆ ಕೊನೆಯ ಕೊಂಡಿಗೆ ಸೀಸ ಹೊಯ್ದೆವು. ಎರಡು ದಿನಗಳಲ್ಲಿ ಹೊಳೆ ಗೋಡೆಯ ಮೇಲಿಂದಲೇ ಹರಿಯಿತು. ದಂಡೆಯ ಕಡೆ ಒಂದಿಷ್ಟು ಕಲ್ಲು ಕಿತ್ತುಹೋದವು. ಮೂತಿ ಅಲುಗಲಿಲ್ಲ.

ಸಾಹೇಬರು ಗೋಡೆ ಪೂರ್ಣವೆಂದು ಬರೆದರು. ದಾಟುವ ಹಕ್ಕು ಊರಲ್ಲಿ ಉಳಿಯಿತು. ದ್ಯಾಮಣ್ಣ ಕಟ್ಟಳೆ ಮುರಿದದ್ದಕ್ಕೆ ಹಣಮಂತನಿಗೆ ತೆಂಗಿನಕಾಯಿಗಳ ದಂಡ ಹಾಕಿದ. ಅರ್ಧದಷ್ಟು ಕಾಯಿಗಳನ್ನು ಓವರ್ಸಿಯರ್ ಕೊಡಬೇಕೆಂದು ತಿಪ್ಪವ್ವ ವಾದಿಸಿದಳು: "ಇಷ್ಟೆಲ್ಲಾ ಹಚ್ಚಿಕೊಟ್ಟಾಂವ ಅಂವನ ಅಲ್ಲೇನು?" ಕೊಟ್ಟೆ.

ಇಲ್ಲಿಗೆ ಕತೆ ಮುಗಿದಿದ್ದರೆ ಎಷ್ಟು ಚೆನ್ನಾಗಿತ್ತು. ಮೆಟ್ಟಿಲಿನ ಹಣದ ಕಾಗದ ಮೇಲಿನ ಕಚೇರಿಗೆ ಹೋಗಿ, ಪ್ರಶ್ನೆ ಕೇಳಿಸಿಕೊಂಡು, ಉತ್ತರ ಹೊತ್ತು, ಮತ್ತೆ ಹೋಗಿ, ಮಂಜೂರಾಗಿ ಬಂದಾಗ ಶ್ರಾವಣ. ಹೊಳೆ ಎರಡೂ ದಂಡೆ ತುಂಬಿ ಹರಿಯುತ್ತಿತ್ತು. ಫಸಲಿ ವರ್ಷ ಅಕ್ಟೋಬರಿನ ಮೊದಲ ವಾರಕ್ಕೆ ಮುಗಿಯುತ್ತಿತ್ತು, ಅಷ್ಟರೊಳಗೆ ಖರ್ಚಾಗದ ಹಣ ವಾಪಸ್. ನೀರಿನೊಳಗೆ ಮೆಟ್ಟಿಲು ಕಟ್ಟುವವನು ಇನ್ನೂ ಹುಟ್ಟಿಲ್ಲ. ನೀರು ಇಳಿಯುವ ಹೊತ್ತಿಗೆ ವರ್ಷ ಮುಗಿದಿತ್ತು. ಸರ್ಕಾರದ ವರ್ಷವನ್ನು ಗೊತ್ತುಮಾಡಿದವರ ಊರಲ್ಲಿ ಹೊಳೆ ಇರಲಿಲ್ಲವೆಂದು ಕಾಣುತ್ತದೆ. ಮರುವರ್ಷ ಕೇಳಿದೆ, ಬಾವಿಗಳು ಮೊದಲು ಎಂದರು. ಆಮೇಲೆ ಮೇಲ್ಗಡೆ ದೊಡ್ಡ ಅಣೆಕಟ್ಟಿನ ಕೆಲಸ ಶುರುವಾಯಿತು, ಸಣ್ಣ ಗೋಡೆಯ ಮೆಟ್ಟಿಲನ್ನು ಕೇಳುವವರಿಲ್ಲ. ನನ್ನನ್ನು ಯಲಬುರ್ಗಾಕ್ಕೆ, ಅಲ್ಲಿಂದ ಕುಷ್ಟಗಿಗೆ ವರ್ಗ ಮಾಡಿದರು.

೧೯೪೯ರ ಮುಂಗಾರಿನಲ್ಲಿ ಮತ್ತೆ ಗಂಗಾವತಿಗೆ ಬಂದೆ. ಕೆಂಪು ನೀರು ಬಂದಿದೆ ಎಂದು ಕೇಳಿ ಮಡುವಿನಹಾಳಕ್ಕೆ ಹೋದೆ. ಗಂಡಸರು ಬೇವಿನ ಮರದ ಕೆಳಗೆ ಸುಮ್ಮನೆ ಕೂತಿದ್ದರು. ಹೊಳೆಯಲ್ಲಿ ಮಾತ್ರ ಹರಿಗೋಲುಗಳು ಓಡಾಡುತ್ತಿದ್ದವು, ಎಲ್ಲದರಲ್ಲೂ ಮುದುಕಿಯರು. ಆ ಮೂರು ದಿನ ಹುಟ್ಟು ಹಾಕುವುದು ಮುಟ್ಟು ನಿಂತ ಮುದುಕಿಯರ ಹಕ್ಕು ಎಂದು ದ್ಯಾಮಣ್ಣ ನನಗೇ ವಿವರಿಸಿದ. "ಇದು ನಮ್ಮ ಹಿಂದಿನೋರಿಂದ ನಡಕೊಂಡು ಬಂದದ್ರಿ," ಎಂದ. ನಾನು ನಗಲಿಲ್ಲ.

ತಿಪ್ಪವ್ವನ ಕೈ ನಡುಗುತ್ತಿತ್ತು. ಹುಟ್ಟು ಬೇರೆಯವರಿಗೆ ಬಿಟ್ಟುಕೊಟ್ಟು ಗೋಡೆಯ ಹಿಂದೆ ದಂಡೆಯ ಮೇಲೆ ಕೂತು, ಇಳಿಯುವ ಹೆಂಗಸರಿಗೆ ಕೈ ಕೊಡುತ್ತಿದ್ದಳು. ದಂಡೆ ಅದೇ ಜಾರು ಕೆಸರು. ಹಣಮಂತನ ಹೊಸ ಹೆಂಡತಿ ಸೊಂಟದ ಮೇಲೆ ಕೂಸನ್ನು ಹೊತ್ತು, ಅವಳ ಕೈ ಹಿಡಿದು ಹತ್ತಿದಳು. ನನ್ನನ್ನು ಗುರುತಿಸಲು ತಿಪ್ಪವ್ವನಿಗೆ ಸ್ವಲ್ಪ ಹೊತ್ತು ಹಿಡಿಯಿತು. ಸಂಸ್ಥಾನ ಹೋಗಿ ಕೆಂಪು ಟೊಪ್ಪಿಗೆಯ ಕಾಲ ಮುಗಿದು ನಾನು ಬರಿತಲೆಯಲ್ಲಿದ್ದೆ.

"ಟೊಪಗಿ ಎಲ್ಲೈತ್ರಿ?" ಎಂದಳು. ಉತ್ತರಕ್ಕೆ ಕಾಯದೆ, "ಮೆಟ್ಟಲಾ ಎಲ್ಲದಾವ್ರಿ?" ಎಂದಳು.

ಮೂವತ್ತು ವರ್ಷ ನೌಕರಿ ಮಾಡಿ ನಾನು ಕಲಿತದ್ದನ್ನು ಹೇಳಬೇಕೆಂದರೆ ಇಷ್ಟೇ. ಕೆಲಸಕ್ಕೆ ಅಡ್ಡ ನಿಂತಾಗ ಜನರ ಕಟ್ಟಳೆಯನ್ನು ಬಡಿಗೆಯಿಂದ ಮುರಿಯಹೋಗಬಾರದು. ಅದರೊಳಗೇ ಒಬ್ಬಳು ಮಲ್ಲಮ್ಮಾಯಿ ಇರುತ್ತಾಳೆ, ಹುಡುಕಬೇಕು. ಮಡುವಿನಹಾಳದ ಅಂಬಿಗರು ತಮ್ಮ ಕಟ್ಟಳೆಯನ್ನು ಒಂದು ಮಧ್ಯಾಹ್ನದಲ್ಲಿ ಹೊಳೆಗೆ ಹೊಂದಿಸಿಕೊಂಡರು. ಸರ್ಕಾರದ ಕಟ್ಟಳೆಯೊಳಗೆ ಅಂಥ ಮುದುಕಿಯನ್ನು ನಾನು ನಿವೃತ್ತನಾಗುವವರೆಗೂ ಹುಡುಕಿದೆ. ಪ್ರತಿ ವರ್ಷ ಮೆಟ್ಟಿಲಿನ ಅಂದಾಜು ಬರೆದು ಕಳಿಸಿದೆ. ಪ್ರತಿ ವರ್ಷವೂ ಅದು ಹೊಳೆ ತುಂಬಿದ ಮೇಲೆಯೇ ವಾಪಸ್ ಬಂತು.